ಉತ್ತರ ಕೊಡುವ ಬಾಯಿ

ಶ್ರುತಪಂಚಮಿಯ ಮಧ್ಯಾಹ್ನ ಅಭಿನಂದನ ತುಳಸವ್ವನ ಜಪದ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟ. ತುಳಸವ್ವ ಅವನ ಆಯಿಯ, ಎಂದರೆ ತಾಯಿಯ, ಆರೈಕೆಗೆಂದು ಎರಡು ವರ್ಷದಿಂದ ಮನೆಗೆ ಬರುತ್ತಿದ್ದ ಕ್ರೈಸ್ತ ಹೆಂಗಸು.

ಅದಾಗಿ ಆರನೆಯ ದಿನ ಅವನು ರಾಯಬಾಗದ ಚರ್ಚಿನ ಪಕ್ಕದ ಕೋಣೆಯಲ್ಲಿ ನಿಂತಿದ್ದ. ಫಾದರ್ ಊರಲ್ಲಿರಲಿಲ್ಲ. ಉಪದೇಶಿ ಲಗಮಪ್ಪ, ಎಪ್ಪತ್ತರ ಆಸುಪಾಸಿನ ಮುದುಕ, ಕಬ್ಬಿಣದ ಕಪಾಟು ತೆಗೆದು ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, 'ದಿನಾ ಜಪಾ ಮಾಡಾಕಂದ್ರ ಇವ ನೋಡ್ರಿ. ಆರಿಸ್ಕೋರಿ' ಎಂದು ಕುರ್ಚಿಗೆ ಒರಗಿದ. ಅಭಿನಂದನ ಅಥಣಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಕಲಿಸುವವನು. ಪುಸ್ತಕವನ್ನು ಕೈಗೆತ್ತಿಕೊಂಡು ಅದರ ಬೆನ್ನು ಸವರಿ ನೋಡದೆ ಎಂದೂ ಕೊಂಡವನಲ್ಲ. ಈಗ ಅವನ ಕೈ ಕಿಸೆಯಿಂದ ಹೊರಗೆ ಬರಲಿಲ್ಲ. ಮೊದಲನೆಯದು ದಪ್ಪ, ಕಪ್ಪು ರಟ್ಟು, ಅಂಚಿಗೆ ಕೆಂಪು. ಎರಡನೆಯದು ಹೊಳೆಯುವ ಹೊದಿಕೆಯದು, ಮೇಲೆ ಮಗುವನ್ನೆತ್ತಿಕೊಂಡ ತಾಯಿ. ಮೂರನೆಯದು ಅಂಗೈಯಷ್ಟೇ, ಜಪಸರದ ಪ್ರಾರ್ಥನೆಗಳು ಮಾತ್ರ. ನಾಲ್ಕನೆಯದರಲ್ಲಿ ವರ್ಷದ ಒಂದೊಂದು ದಿನಕ್ಕೆ ಒಂದೊಂದು ಪುಟ. ಸುಟ್ಟದ್ದು ಇವುಗಳಲ್ಲಿ ಯಾವುದರ ಹಾಗಿತ್ತು? ದಪ್ಪ ಇತ್ತು ಎಂದು ನೆನಪು. ಒಲೆಯ ಬಾಯಿಯಲ್ಲಿ ಅದು ಒಮ್ಮೆಲೇ ಹೊತ್ತಿಕೊಳ್ಳದೆ ಸಿಕ್ಕಿಕೊಂಡಿದ್ದರಿಂದ ಕೋಲಿನಿಂದ ಒಳಗೆ ದೂಡಬೇಕಾಯಿತು, ಆದ್ದರಿಂದ ದಪ್ಪವೇ ಇದ್ದಿರಬೇಕು. ಆರಿಸಿಕೊಳ್ಳಲು ಅವನಿಗೆ ಗೊತ್ತಿದ್ದ ಗುರುತು ಇದೊಂದೇ.

'ಕನ್ನಡದ್ದು ಬೇಕೋ, ಮರಾಠೀದ್ದು ಬೇಕೋ?' ಲಗಮಪ್ಪ ಕೇಳಿದ. 'ಈ ಕರೇದು ಮರಾಠಿ ಐತಿ. ಉಳದಾವ ಕನ್ನಡ.'

ಅಭಿನಂದನ ಕಪ್ಪು ಪುಸ್ತಕವನ್ನೂ ಉಳಿದವನ್ನೂ ನೋಡಿದ. ಎರಡು ವರ್ಷ, ದಿನವೂ ಸಂಜೆ, ಹೊತ್ತು ಮುಳುಗುವ ಮುಂಚೆ ಆಯಿಗೆ ಉಣಿಸುವ ಹೊತ್ತಿನಲ್ಲಿ, ತುಳಸವ್ವನ ಓದು ಗೋಡೆಯಾಚೆಯಿಂದ ಅವನ ಕೋಣೆಗೆ ಬರುತ್ತಿತ್ತು. ಅವನು ಉತ್ತರಪತ್ರಿಕೆ ತಿದ್ದುತ್ತಲೋ, ಭಾನುವಾರದ ಓದುಗರ ಬಳಗಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಲೋ ಇರುತ್ತಿದ್ದ. ಪಂಪಿನ ಸದ್ದು ಇದ್ದ ಹಾಗೆ ಅದೂ ಒಂದು ಸದ್ದು. ಮನೆಯಲ್ಲಿ ಹೆಂಡತಿ ಕಾಜಲಳ ಜೊತೆ ಅರ್ಧ ಕನ್ನಡ ಅರ್ಧ ಮರಾಠಿ, ಬಸದಿಯಲ್ಲಿ ಪ್ರಾಕೃತ, ಕಾಲೇಜಿನಲ್ಲಿ ಅಚ್ಚಿನ ಕನ್ನಡ. ಕಿವಿ ಎಲ್ಲವನ್ನೂ ಒಂದೇ ಹದಕ್ಕೆ ತಂದುಕೊಂಡಿತ್ತು. ಆ ಓದು ಯಾವ ನುಡಿಯಲ್ಲಿತ್ತು? ನೆನೆಯಲು ಹೋದರೆ ಧ್ವನಿಯ ಏರಿಳಿತ ಬರುತ್ತಿತ್ತೇ ಹೊರತು ಒಂದು ಶಬ್ದವೂ ಬರುತ್ತಿರಲಿಲ್ಲ. ಬೆಂಕಿಯಲ್ಲಿ ಹಾಳೆಗಳು ಒಂದೊಂದಾಗಿ ಬಾಗುವಾಗ ಅಕ್ಷರಗಳು ಕಂಡಿದ್ದವು, ಅವಕ್ಕೆ ಮರಾಠಿ ಅಕ್ಷರದ ಮೇಲುಗೆರೆ ಇತ್ತೋ ಇರಲಿಲ್ಲವೋ? ಒಂದು ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಕೈಬರಹ ಇತ್ತು, ಅದು ಕೊನೆಗೆ ಉರಿಯಿತು. ಶಾಯಿಯ ಬಣ್ಣ ನೆನಪಿದೆ, ಲಿಪಿ ನೆನಪಿಲ್ಲ.

'ಯಾರಿಗ್ರಿ ಪುಸ್ತಕ?'

'ಶೇಡಬಾಳದಾಗ ನಮ್ಮ ಮನೀಗೆ ಬರತಾಳ. ತುಳಸವ್ವ ಅಂತ. ಉಗಾರದಾಕಿ.'

'ತುಳಸವ್ವ ಅಂದ್ರ ಮನೀ ಹೆಸರ ಆತು. ಜ್ಞಾನಸ್ನಾನದ ಹೆಸರು?'

'ಅದು ಗೊತ್ತಿಲ್ರಿ.'

'ಎಷ್ಟ ದಿನದಿಂದ ಬರತಾಳ?'

'ಎರಡ ವರ್ಷ.'

ಲಗಮಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ. 'ಆಕಿಗಿ ಚಾ ಕುಡಿಯಾಕ ಲೋಟಾ ಬ್ಯಾರೆ ಇಟ್ಟಿರೇನ್ರಿ?' ಎಂದು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವನಂತೆ ಕೇಳಿದ. ಅಭಿನಂದನ ಕಿಟಕಿಯತ್ತ ನೋಡಿದ. ಮನೆಯ ಹಿತ್ತಲ ಬಾಗಿಲ ಗೂಡಿನಲ್ಲಿ ಮಗುಚಿಟ್ಟ ಸ್ಟೀಲಿನ ಲೋಟ ಕಣ್ಣಿಗೆ ಕಟ್ಟಿತು. ಅದು ಜಾತಿಯ ಲೋಟ ಅಲ್ಲ, ಅವರು ಮಾಂಸ ತಿನ್ನುವವರು, ನಾವು ಉಳ್ಳಾಗಡ್ಡಿ ಕೂಡ ಮುಟ್ಟದವರು, ಇದು ಆಹಾರದ ಪ್ರಶ್ನೆ ಎಂದು ಅವನು ಎರಡು ವರ್ಷ ತನಗೆ ತಾನೇ ಹೇಳಿಕೊಂಡಿದ್ದ. ಅದೇ ಕೈ ದಿನವೂ ಆಯಿಯ ಬಾಯಿಗೆ ತುತ್ತಿಡುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವ ಗೋಜಿಗೆ ಅವನು ಹೋಗಿರಲಿಲ್ಲ. ಓದುಗರ ಬಳಗದಲ್ಲಿ ಇಂಥ ಲೋಟಗಳ ಬಗ್ಗೆ ಅವನು ಒಮ್ಮೆ ಅರ್ಧ ಗಂಟೆ ಮಾತನಾಡಿದ್ದ, ಜನ ಕೊನೆಗೆ ಚಪ್ಪಾಳೆ ತಟ್ಟಿದ್ದರು.

'ಇರ್ಲಿ ಬಿಡ್ರಿ' ಎಂದ ಲಗಮಪ್ಪ. 'ಆಕೀ ಹಳೇ ಪುಸ್ತಕ ಏನಾತು? ಹರದಿದ್ರ ತರ್ರಿ, ನಾ ಹೊಲದ ಕೊಡ್ತೀನಿ. ಹಳೇದು ಬಿಟ್ಟ ಹೊಸಾದ ತಗೊಳ್ಳೂದು ನಮ್ಮಾಗ ಕಡಿಮಿ. ಹಳೇದು ತಾನ ಬೇಕಾದ ಹಾಳಿಗಿ ತೆರಕೋತೈತಿ.'

'ಕಳೀತು' ಎಂದ ಅಭಿನಂದನ.

ಶ್ರುತಪಂಚಮಿ ಎಂದರೆ, ನೆನಪೊಂದನ್ನೇ ನಂಬಿದರೆ ಉಳಿಯಲಾರದೆಂದು ಜೈನ ಮುನಿಗಳು ಶಾಸ್ತ್ರವನ್ನು ಮೊದಲ ಬಾರಿಗೆ ಬರೆದಿಟ್ಟ ದಿನ. ಮನೆಯಲ್ಲಿದ್ದ ಗ್ರಂಥಗಳನ್ನೆಲ್ಲ ಇಳಿಸಿ, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಸುತ್ತಿ ಮಣೆಯ ಮೇಲಿಟ್ಟು ಪೂಜಿಸುವುದು. ಕಾಜಲ ಬೆಳಿಗ್ಗೆ ಎದ್ದವಳೇ ಮನೆಯ ಗೂಡುಗಳಲ್ಲಿ ಬಟ್ಟೆ ಸುತ್ತಿದ ಎಲ್ಲವನ್ನೂ ಒಟ್ಟು ಮಾಡಿದ್ದಳು. ಈ ಮನೆಯಲ್ಲಿ ಬಟ್ಟೆ ಸುತ್ತಿದ್ದು ಶಾಸ್ತ್ರವೇ, ಅದಕ್ಕೆ ಬೇರೆ ವಿಚಾರ ಬೇಕಿಲ್ಲ. ಆಯಿಯ ಕೋಣೆಯ ಗೂಡಿನಲ್ಲಿ ತುಳಸವ್ವ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟದ್ದೂ ಮಣೆಗೆ ಬಂತು, ಕೇಸರಿ ಹಚ್ಚಿಸಿಕೊಂಡಿತು, ಅಕ್ಕಿ ಹಾಕಿಸಿಕೊಂಡಿತು, ಆರತಿ ಎತ್ತಿಸಿಕೊಂಡಿತು. ಬಂಧುಗಳು ಹನ್ನೆರಡು ಮಂದಿ ಕೈಮುಗಿದರು. ಆಮೇಲೆ ಅಣ್ಣಾಸಾಬ ಕಾಕಾ, ಅಪ್ಪನ ತಮ್ಮ, ಪಂಚರಲ್ಲಿ ಹಿರಿಯ, ಒಂದನ್ನು ಎತ್ತಿ ಬಟ್ಟೆ ಬಿಚ್ಚಿದ. ಪುಸ್ತಕ ತಾನಾಗಿ ತೆರೆದುಕೊಂಡಿತು. ಎದೆ ಸೀಳಿ ಹೃದಯ ಹೊರಗೆ ಕಾಣುವ ಯೇಸುವಿನ ಚಿತ್ರ, ಸುತ್ತ ಮುಳ್ಳು, ರಕ್ತದ ಮೂರು ಹನಿ. 'ಅಭಿ, ಇದು ಯಾರ ಮನೀ ಶಾಸ್ತ್ರೋ?' ಎಂದ ಕಾಕಾ. ಯಾರೋ ಹೆಂಗಸರು ಮುಸಿಮುಸಿ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಭಿನಂದನನೂ ನಕ್ಕ, ಎಲ್ಲರಿಗಿಂತ ಕೊನೆಗೆ ಮತ್ತು ಎಲ್ಲರಿಗಿಂತ ಜೋರಾಗಿ. ಆ ನಗುವಿನ ಸದ್ದು ತನ್ನ ಕಿವಿಗೇ ಬಿದ್ದಾಗ ಅವನು ಪುಸ್ತಕ ತೆಗೆದುಕೊಂಡು ಹಿಂದಕ್ಕೆ ನಡೆದ. ಯಾರೂ ಸುಡು ಅನ್ನಲಿಲ್ಲ. ಇದನ್ನು ಅವನು ಆರು ದಿನದಿಂದ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದ: ಯಾರೂ ಅನ್ನಲಿಲ್ಲ. ತುಳಸವ್ವ ಅಂದು ರಜೆ. ಹೊರಗಿಟ್ಟಿದ್ದರೆ ಸಾಕಿತ್ತು. ಅವನು ಕೋಲು ಹುಡುಕಿ ದೂಡಿದ.

'ಎಲ್ಲಿ ಕಳೀತು?' ಲಗಮಪ್ಪ ಬಿಡಲಿಲ್ಲ.

'ಮನ್ಯಾಗ.'

'ಮನ್ಯಾಗ ಕಳದದ್ದು ಸಿಗತೈತಲ್ರಿ.'

ಅಭಿನಂದನ ಹೊಳೆಯುವ ಹೊದಿಕೆಯದನ್ನು ಎತ್ತಿ ಮಧ್ಯದಲ್ಲಿ ತೆರೆದ. ಬೆಳಗಿನ ಜಪ, ಊಟಕ್ಕೆ ಮುಂಚಿನದು, ರೋಗಿಗಳಿಗಾಗಿ, ಮರಣಕಾಲದಲ್ಲಿರುವವರಿಗಾಗಿ. ಮುಂದಿನ ಪುಟದಲ್ಲಿ ಕ್ರಿಸ್ತನ ಶರೀರವನ್ನು ಉಣ್ಣುವ, ರಕ್ತವನ್ನು ಕುಡಿಯುವ ಮಾತು. ತರಗತಿಯಲ್ಲಿ ಅವನು ಇದನ್ನು ಸಂಕೇತ ಎಂದು ವಿವರಿಸಿದ್ದ. ಈಗ ನಾಲಿಗೆಯ ಬುಡದಲ್ಲಿ ಕಬ್ಬಿಣದ ರುಚಿ ಬಂತು, ಹುಡುಗನಿದ್ದಾಗ ಬಿದ್ದು ತುಟಿ ಒಡೆದುಕೊಂಡಾಗ ಬಂದಂಥದು. ಆಗ ಆಯಿ ಸೆರಗಿನಿಂದ ಒತ್ತಿ ಹಿಡಿದು, ನುಂಗಬ್ಯಾಡ ಉಗುಳು ಎಂದಿದ್ದಳು. ಅದೇ ಆಯಿ ಎರಡು ವರ್ಷ ಇದನ್ನು ಕೇಳುತ್ತ ಉಂಡಳೆ? ಅವಳಿಗೆ ಲಕ್ವ ಹೊಡೆದು ಮಾತು ಹೋಗಿದ್ದರಿಂದ ಬೇಡ ಎನ್ನಲಾಗಲಿಲ್ಲವೆ? ಅಥವಾ ಬೇಕೆಂದೇ ಕೇಳಿದಳೆ? ಕೇಳುವುದಕ್ಕೆ ಈಗ ದಾರಿಯಿಲ್ಲ. ಪುಸ್ತಕ ಸುಟ್ಟ ದಿನ ಸಂಜೆ ಅವಳು ಗೂಡಿನತ್ತ ಕಣ್ಣು ತಿರುಗಿಸಿ ತಿರುಗಿಸಿ ನೋಡುವಾಗ ಅವನು ಮಂಚದ ಪಕ್ಕ ಕೂತು, 'ಆಯಿ, ತುಳಸವ್ವ ಪುಸ್ತಕ ಮನೀಗಿ ಒಯ್ದಾಳ. ಇನ್ನ ಓದೂದಿಲ್ಲಂತ' ಎಂದಿದ್ದ. ಹಿಂದೆ ಏನೋ ಸರಿದಂತಾಗಿ ತಿರುಗಿದರೆ ಬಾಗಿಲಲ್ಲಿ ತುಳಸವ್ವ ನಿಂತಿದ್ದಳು, ರಜೆಯಾದರೂ ಆಯಿಗೆ ಸಂಜೆ ಉಣಿಸಲೆಂದು ಬಂದವಳು. ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಬಚ್ಚಲ ಒಲೆಯ ಬೂದಿ ತೆಗೆದವಳೂ ಅವಳೇ.  ಅವಳು ಕೂಗಾಡುತ್ತಾಳೆ, ಕೆಲಸ ಬಿಡುತ್ತಾಳೆ, ನಾಲ್ಕು ಜನರನ್ನು ಕರೆತರುತ್ತಾಳೆ ಎಂದು ಅವನು ಕಾದ; ಒಂದು ರೀತಿಯಲ್ಲಿ ಹಾಗಾಗಲಿ ಎಂದೂ ಕಾದ. ಅವಳು ಬಂದಳು, ಆಯಿಯ ಮೈ ಒರೆಸಿದಳು, ಹಾಸಿಗೆ ಬದಲಿಸಿದಳು. ಓದಲಿಲ್ಲ. ಆಯಿ ಅವಳ ಕೈಯ ತುತ್ತಿಗೆ ಮುಖ ತಿರುವಿದಳು. ಕಾಜಲ ಕೊಟ್ಟರೆ ಬೆಳಿಗ್ಗೆ ಎರಡು ಚಮಚ ಹಾಲು, ಅಷ್ಟೆ. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಬಹಳ ದಿನ ಇಲ್ಲ ಎಂದು ಹೋದರು.

'ಇಲ್ಲಿ ಕೊಡ್ರಿ' ಎಂದು ಲಗಮಪ್ಪ ಅವನ ಕೈಯಿಂದ ಪುಸ್ತಕ ತೆಗೆದುಕೊಂಡ. 'ನೀವು ಹಿಂಗ ಪೇಪರ್ ತಿರುವಿದಂಗ ತಿರುವಿದ್ರ ತಿಳಿಯೂದಿಲ್ಲ. ಸಂಜೀಕ ಆಕಿ ಏನ ಓದತಿದ್ಲು, ಹಿಂಗ ಇತ್ತೇನು ನೋಡ್ರಿ.' ಸಂತರ ಹೆಸರುಗಳ ಒಂದು ಉದ್ದನೆಯ ಮಾಲೆ ತೆಗೆದ. ಒಂದು ಹೆಸರು ಹೇಳಿದ, ದನಿಯನ್ನು ಅರ್ಧದಲ್ಲಿ ಎತ್ತಿ ಹಿಡಿದು ನಿಲ್ಲಿಸಿದ, ಅಭಿನಂದನನ ಮುಖ ನೋಡಿದ. 

'ಹೇಳ್ರಿ.'

'ಏನ್ ಹೇಳಬೇಕು?'

'ನೀವು ಉತ್ತರ ಕೊಡಬೇಕ್ರಿ. ಇದು ಒಬ್ಬರ ಓದೂದಲ್ಲ. ನಾ ಹೆಸರು ಹೇಳ್ತೀನಿ, ನೀವು ನಮಗಾಗಿ ಬೇಡಿಕೋ ಅನಬೇಕು. ಎಷ್ಟ ಹೆಸರಿದ್ರೂ ಉತ್ತರ ಒಂದ. ಎರಡನೇ ಬಾಯಿ ಇರಲಿಲ್ಲಂದ್ರ ಇದು ನಡಿಯೂದಿಲ್ಲ.'

ಮತ್ತೆ ಒಂದು ಹೆಸರು, ಮತ್ತೆ ಆ ಎತ್ತಿದ ದನಿ, ಮತ್ತೆ ಖಾಲಿ. ಆ ಖಾಲಿಯ ಅಳತೆ ಅವನಿಗೆ ಗೊತ್ತಿತ್ತು. ಗೋಡೆಯಾಚೆಯಿಂದ ಬರುತ್ತಿದ್ದ ಸದ್ದಿನಲ್ಲಿ ಅದು ಎಂದೂ ಖಾಲಿ ಇರಲಿಲ್ಲ. ಅಲ್ಲಿ ಒಂದು ಗೊಗ್ಗರು ದನಿ, ನೀರಿನಲ್ಲಿ ಮುಳುಗಿಸಿದ ಬಟ್ಟೆಯಂಥದು, ಪ್ರತಿಸಲವೂ ಒಂದೇ ಉದ್ದಕ್ಕೆ ಬರುತ್ತಿತ್ತು. ತುಳಸವ್ವನಿಗೆ ಕಫ ಇರಬೇಕು ಎಂದುಕೊಂಡಿದ್ದ. ಒಮ್ಮೆ ಕಾಜಲಳಿಗೆ, ಆಕಿಗಿ ಒಂದ್ ಕೆಮ್ಮಿನ ಔಷಧ ಕೊಡು ಎಂದೂ ಹೇಳಿದ್ದ. ಅದು ಆಯಿಯ ದನಿ. ನೀರು ಎನ್ನಲು, ಅಭಿ ಎನ್ನಲು, ಬೇಡ ಎನ್ನಲು ಬಾರದ ಬಾಯಿಗೆ ಅದೊಂದು ಉತ್ತರ ಬರುತ್ತಿತ್ತು. ಎರಡು ವರ್ಷ ತಾಯಿ ಮಾತನಾಡುತ್ತಿದ್ದಳು, ಒಂಬತ್ತು ಅಂಗುಲದ ಗೋಡೆಯ ಆಚೆ, ಬೇರೆಯವರ ದೇವರ ಜೊತೆ. ಅವನು ಕುರ್ಚಿ ಹುಡುಕಿ ಕೂತ. ಇದು ದುಃಖವೋ, ಹೊಟ್ಟೆಕಿಚ್ಚೋ, ಅವಮಾನವೋ ಅವನಿಗೆ ತಿಳಿಯಲಿಲ್ಲ. ನನ್ನ ಹೆಸರು ಅವಳಿಗೆ ಬರಲಿಲ್ಲ, ಇವರ ಸಂತರ ಹೆಸರಿಗೆ ಉತ್ತರ ಬಂತು. ಹಾಗೆ ಎಣಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದ ಮೇಲೂ ಎಣಿಕೆ ಹಾಗೇ ಉಳಿಯಿತು.

'ಇದ ಇತ್ತು?' ಲಗಮಪ್ಪ ಕೇಳಿದ.

'ಇದ ಇರಬೇಕು.'

'ಕನ್ನಡದಾಗೋ, ಮರಾಠಿಯಾಗೋ?'

ಅಭಿನಂದನ ಕಪ್ಪು ಮರಾಠಿಯದನ್ನೂ ಈ ಕನ್ನಡದ್ದನ್ನೂ ಎರಡನ್ನೂ ಕಟ್ಟಿಸಿಕೊಂಡ. ಲಗಮಪ್ಪ ಮೊದಲ ಪುಟದಲ್ಲಿ ಹೆಸರು ಬರೆಯಲು ಪೆನ್ನು ತೆಗೆದವನು, ಹೆಸರೇ ಗೊತ್ತಿಲ್ಲವಲ್ಲ ಎಂದು ನಕ್ಕು ಮುಚ್ಚಿದ. 'ಆಕೀನ ಕೇಳಿ ಬರೀರಿ. ಎರಡ ವರ್ಷಕ್ಕ ಒಂದ್ ಹೆಸರ ಕೇಳಿದ್ರ ಭಾಳ ಆಗೂದಿಲ್ಲ.'

ಬಸ್ಸು ಕುಡಚಿ ದಾಟಿ ಕೃಷ್ಣೆಯ ಸೇತುವೆಗೆ ಬರುವಾಗ ಐದೂವರೆ. ಹೊಳೆಯಲ್ಲಿ ನೀರು ಕಡಿಮೆ, ದಡದ ಪಂಪುಗಳು ತಮ್ಮ ಪೈಪುಗಳನ್ನು ಉದ್ದಕ್ಕೆ ಚಾಚಿಕೊಂಡಿದ್ದವು. ಪಕ್ಕದ ಸೀಟಿನವನು ಮಡಿಲಲ್ಲಿ ಗೊಬ್ಬರದ ಚೀಲ ಇಟ್ಟುಕೊಂಡು, ಪುಸ್ತಕದ ಕಟ್ಟಿನತ್ತ ನೋಡಿ, 'ಸಾಲಿ ಮಾಸ್ತರ್ರೇನ್ರಿ?' ಎಂದ. ಹೌದೆಂದು ಅಭಿನಂದನ ಕಟ್ಟನ್ನು ತಿರುಗಿಸಿ ಹಿಡಿದ. ತಾಯಿ ಮಗುವಿನ ಚಿತ್ರ ಅಲ್ಲಿಯವರೆಗೆ ಹೊರಗೆ ಕಾಣುತ್ತಿತ್ತು. ಏಕೆ ತಿರುಗಿಸಿದೆ ಎಂದು ಯೋಚಿಸುವಷ್ಟರಲ್ಲಿ ಫೋನು ಬಂತು. ಅಣ್ಣಾಸಾಬ ಕಾಕಾ.

'ಅಭಿ, ನಾ ನಿಮ್ಮ ಮನ್ಯಾಗ ಕುಂತೀನಿ. ವೈನೀನ್ನ, ನಿಮ್ಮ ಆಯೀನ್ನ, ನೋಡಿದೆ. ಮುಖದ ಮ್ಯಾಲ ಎಂಥಾ ಶಾಂತಿ ಐತಿ ಅಂತಿ. ಇದು ಹಟ ಅಲ್ಲೋ. ಅನ್ನ ತಾನಾಗೇ ಬಿಟ್ಟಾರ. ನಾಳೆ ಮುನಿ ಮಹಾರಾಜರ ಹಂತ್ಯಾಕ ಹೋಗಿ ಸಲ್ಲೇಖನದ ಮಾತ ಎತ್ತೂಣು. ನೀ ಹೂಂ ಅಂದ್ರ ಸಾಕು.'

'ವ್ರತ ಅಂದ್ರ ಅವರ ಬಾಯಿಂದ ಬರಬೇಕಲ್ಲ, ಕಾಕಾ.'

'ಅದನ್ನ ಮಹಾರಾಜರ ನೋಡ್ತಾರ. ನಿಂದು ಮಗನಾಗಿ ಹೂಂ ಐತೋ ಇಲ್ಲೋ?'

ರೇಂಜ್ ಹೋಯಿತು, ಅಥವಾ ಅವನೇ ಒತ್ತಿದ. ಹೂಂ ಎನ್ನುವ ಆಸೆ ಗಂಟಲವರೆಗೆ ಬಂದಿದ್ದು ಅವನಿಗೆ ಮಾತ್ರ ಗೊತ್ತು. ಹೂಂ ಅಂದರೆ ಎಲ್ಲವೂ ನೇರವಾಗುತ್ತಿತ್ತು. ಆಯಿ ಉಣ್ಣದಿರುವುದು ಪುಣ್ಯವಾಗುತ್ತಿತ್ತು, ಊರು ದರ್ಶನಕ್ಕೆ ಬರುತ್ತಿತ್ತು, ಒಲೆ, ಕೋಲು, ಸುಳ್ಳು ಒಂದೂ ಯಾರ ಲೆಕ್ಕಕ್ಕೂ ಸಿಗದೆ ಆ ಪುಣ್ಯದ ಅಡಿಯಲ್ಲಿ ಹೋಗುತ್ತಿದ್ದವು. ಮುನಿಗಳು ಮೊದಲು ಅವಳ ಇಚ್ಛೆ ಕೇಳುತ್ತಾರೆ, ಅದಿಲ್ಲದೆ ಒಪ್ಪುವವರಲ್ಲ, ಅದೂ ಅವನಿಗೆ ಗೊತ್ತಿತ್ತು. ಆದರೂ ಒಂದು ಕ್ಷಣ ತಾಯಿಯ ಸಾವನ್ನು ತನ್ನ ಅನುಕೂಲಕ್ಕೆ ಅಳೆದು ನೋಡಿದ್ದ. ಉಗಾರದ ಕಾರ್ಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು, ಹಂಗಾಮು ಮುಗಿದಿತ್ತು. ಹೊತ್ತು ಅದರ ಪಕ್ಕಕ್ಕೆ ಜಾರಿತ್ತು. ಮುಳುಗುವ ಮುಂಚೆ ತಲುಪಬೇಕು. ಮುಳುಗಿದ ಮೇಲೆ ಅವರ ಜೈನ ಮನೆಯಲ್ಲಿ ಯಾರ ಬಾಯಿಗೂ ತುತ್ತಿಲ್ಲ.

ಮನೆಯ ಪಡಸಾಲೆಯಲ್ಲಿ ಕಾಕಾ ಕಂಬಕ್ಕೊರಗಿ ಕೂತಿದ್ದ. ಅಭಿನಂದನ ಅವನ ಮುಖ ನೋಡದೆ ಆಯಿಯ ಕೋಣೆಗೆ ಹೋದ. ತುಳಸವ್ವ ಬಟ್ಟಲಿನಲ್ಲಿ ಗಂಜಿ ಹಿಡಿದು ಮಂಚದ ಕೆಳಗೆ ಕೂತಿದ್ದಳು. ಆಯಿಯ ಮುಖ ಗೋಡೆಯ ಕಡೆಗಿತ್ತು. ಕಾಜಲ ಬಾಗಿಲಿಗೆ ಬಂದು ನಿಂತಳು. ಅವನು ಎರಡು ಪುಸ್ತಕಗಳನ್ನೂ ತುಳಸವ್ವನ ಮುಂದೆ ಇಟ್ಟ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ಬರಲಿಲ್ಲ. 'ಯಾವುದು ಅಂತ ಗೊತ್ತಾಗಲಿಲ್ಲ, ಎರಡೂ ತಂದೆ' ಎಂದ.

ತುಳಸವ್ವ ಮುಟ್ಟದೆ ನೋಡಿದಳು. 'ಇವು ನನಗೋ ಸರ್, ಆಯಿಗೋ?'

'ಇಬ್ಬರಿಗೂ. ಓದು. ಹೊತ್ತ ಮುಳಗತೈತಿ.'

'ಓದಾಕ ನನಗ ಪುಸ್ತಕ ಬೇಕಾಗಿಲ್ರಿ. ಅಷ್ಟೂ ಬಾಯಾಗ ಐತಿ. ಪುಸ್ತಕ ಹೋತು ಅಂತ ನಾ ನಿಲ್ಲಿಸಿಲ್ಲ.'

'ಮತ್ತ ಯಾಕ ನಿಲ್ಲಿಸಿದಿ?'

'ಮೊದಲನೇ ದಿನಾನ ಹೆಸರು ಹೇಳಿದ್ನಿರಿ. ಆಯಿ ಉತ್ತರ ಕೊಡಲಿಲ್ಲ. ನನ್ನ ಹಿಂಗ ನೋಡಿದ್ರು.' ಅವಳು ನೋಟವನ್ನು ತೋರಿಸಲಿಲ್ಲ, ಬಟ್ಟಲನ್ನು ಮಾತ್ರ ಇನ್ನೊಂದು ಕೈಗೆ ಬದಲಿಸಿಕೊಂಡಳು. 'ನಾ ಬಿಟ್ಟು ಹೋದಾಕಿ ಅಂತ ಅವರ ಮನಸಿನ್ಯಾಗ ಕುಂತೈತಿ. ಕುಂದರಿಸಿದವರು ನೀವು. ಇನ್ನ ಯಾ ಪುಸ್ತಕ ಹಿಡದ ಓದಿದ್ರ ಏನಾತು?'

ಕಾಜಲ ಒಳಗೆ ಬಂದು ದನಿ ತಗ್ಗಿಸಿದಳು. 'ಹೌದವಾ, ಆಗಿದ್ದ ಆತು. ಈಗ ಒಂದ ಮಾತ ಹೇಳಿ ಬಿಡು. ಪುಸ್ತಕ ಮನೀಗಿ ಒಯ್ದಿದ್ನಿ, ಇವತ್ತ ತಂದೀನಿ ಅಂತ. ಇಲ್ಲೇ ಐತಲ್ಲ, ತೋರಿಸು. ನಂಬ್ತಾರ, ಉಣ್ತಾರ.'

ಅಭಿನಂದನನಿಗೆ ಅದು ಎಷ್ಟು ಸರಳವಾಗಿ ಕಂಡಿತೆಂದರೆ ತಾನೇ ಯಾಕೆ ಯೋಚಿಸಲಿಲ್ಲ ಎನ್ನಿಸಿತು. ಸುಳ್ಳನ್ನು ಅಳಿಸಬೇಕಿಲ್ಲ, ಸ್ವಲ್ಪ ಮುಂದಕ್ಕೆ ನಡೆಸಿದರೆ ಸಾಕು. ಆಯಿ ಉಣ್ಣುತ್ತಾಳೆ, ಬದುಕುತ್ತಾಳೆ. ಇದಕ್ಕಿಂತ ದೊಡ್ಡದು ಏನಿದೆ? 'ಹೌದು ತುಳಸವ್ವ' ಎಂದ. 'ಜೀವದ ಪ್ರಶ್ನೆ ಐತಿ. ಒಂದ ಮಾತು.'

'ನೀವೂ ಒಂದ ಮಾತ ಹೇಳಬಹುದಲ್ರಿ. ನಾ ಸುಟ್ಟೆ ಅಂತ. ಅದೂ ಒಂದ ಮಾತ.'

ಗೋಡೆಯ ಕಡೆಗಿದ್ದ ತಲೆ ದಿಂಬಿನ ಮೇಲೆ ಸರಿಯಿತು. ಆಯಿಯ ಕಣ್ಣು ತೆರೆದಿತ್ತು. ಕೇಳಿಸಿಕೊಳ್ಳುತ್ತಿದ್ದಾಳೋ, ಬೆಳಕಿಗೆ ತಿರುಗಿದಳೋ. ಅಭಿನಂದನ ಮಂಚದತ್ತ ಬಾಗಿದ. ಆಯಿ ಎಂಬ ಶಬ್ದ ಹೊರಗೆ ಬಂತು, ಅದರ ಮುಂದಿನದು ಬರಲಿಲ್ಲ. ಅದೇ ಎತ್ತಿ ಹಿಡಿದ ದನಿ, ಅದೇ ಖಾಲಿ. ಕಾಕಾ ಕೆಮ್ಮುತ್ತ ಹೊಸ್ತಿಲಿಗೆ ಬಂದ. 'ಏನಿದು ಪಂಚಾಯತಿ? ಮನೀ ಮಂದಿ ಹೇಳಿದ್ದ ಹೇಳಾಕ ಏನ್ ನೋವು ನಿನಗ? ಕೆಲಸಕ್ಕ ಬಂದಾಕಿ ಅದಿ. ಹೇಳಂದ್ರ ಹೇಳಬೇಕು.'

ತುಳಸವ್ವ ಎದ್ದು ನಿಲ್ಲಲಿಲ್ಲ. ಚಮಚದಿಂದ ಗಂಜಿಯನ್ನು ಒಮ್ಮೆ ತಿರುವಿದಳು, ಕೆನೆಗಟ್ಟದಂತೆ. ಕಿಟಕಿಯ ಸರಳುಗಳ ನೆರಳು ಮಂಚ ಹತ್ತಿ ಆಯಿಯ ಹೊದಿಕೆಯ ಮೇಲೆ ಉದ್ದವಾಗಿ ಬಿದ್ದಿತ್ತು. 'ಮೈ ತೊಳಿ ಅಂದ್ರಿ, ತೊಳದ್ನಿ. ಹೇಲು ಬಳಿ ಅಂದ್ರಿ, ಬಳದ್ನಿ. ನಾಳಿನೂ ಮಾಡ್ತೀನಿ' ಎಂದಳು. 'ಇದನ್ನ ನಾ ಹೇಳೂದಿಲ್ರಿ.'